ಕೋರ್ಟಿನಿಂದ ಕಾನೂನು ಖಾತೆಗೆ: ಓದುಗರು ಕೇಳಿದ್ದು, ನಾವು ಹೇಳಿದ್ದು

ಕಳೆದ ಸಂಚಿಕೆಯ ಎಡನೀರು ಮಠದ (ಕೇಶವಾನಂದ ಭಾರತಿ) ಮೊಕದ್ದಮೆಯ ಟಿಪ್ಪಣಿಯಲ್ಲಿ, ‘ಆ ಪೀಠದಲ್ಲಿದ್ದ ನ್ಯಾಯಮೂರ್ತಿಯೊಬ್ಬರು ಮುಂದೆ ಕೇಂದ್ರದ ಕಾನೂನು ಸಚಿವರಾದರು’ ಎಂಬ ಒಂದು ಸಾಲು ಇತ್ತು. ಹೆಚ್ಚಿನ ಪತ್ರಗಳು ಆ ಒಂದು ಸಾಲನ್ನೇ ಹಿಡಿದು ಬಂದಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಸುಪ್ರೀಂ ಕೋರ್ಟಿನಲ್ಲಿ ಕೂತು ಸರಕಾರದ ವ್ಯಾಜ್ಯ ತೀರ್ಮಾನಿಸಿದವರು ಸರಕಾರದಲ್ಲೇ ಸಚಿವರಾಗಲು ಕಾನೂನಿನ ತಡೆ ಇಲ್ಲವೇ?
ಓದುಗರೊಬ್ಬರು, ನೀರ್ಚಾಲು

ಇಲ್ಲ. ಸಂವಿಧಾನ ತಡೆದಿರುವುದು ವಕೀಲಿಯನ್ನು ಮಾತ್ರ. 124ನೇ ವಿಧಿಯ 7ನೇ ಉಪವಿಧಿಯಂತೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು ದೇಶದ ಯಾವ ಕೋರ್ಟಿನಲ್ಲೂ ಮತ್ತೆ ವಾದ ಮಾಡುವಂತಿಲ್ಲ. ಹೈಕೋರ್ಟಿನ ಖಾಯಂ ನ್ಯಾಯಮೂರ್ತಿಯಾಗಿದ್ದವರಿಗೆ 220ನೇ ವಿಧಿ ಸ್ವಲ್ಪ ಸಡಿಲ. ತಾವಿದ್ದ ಹೈಕೋರ್ಟು ಬಿಟ್ಟು ಬೇರೆ ಹೈಕೋರ್ಟುಗಳಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಅವರು ವಾದಿಸಬಹುದು. ಚುನಾವಣೆಗೆ ನಿಲ್ಲುವುದಕ್ಕೆ, ರಾಜ್ಯಪಾಲರಾಗುವುದಕ್ಕೆ, ಸಚಿವರಾಗುವುದಕ್ಕೆ ಒಂದು ಪದದ ಅಡ್ಡಿಯೂ ಇಲ್ಲ.

ಇದು ಬರೆದವರ ಮರೆವಲ್ಲ. ಸರಕಾರದ ಲೆಕ್ಕ ತಪಾಸಿಸುವ ಮಹಾಲೇಖಪಾಲರು (ಸಿಎಜಿ) ನಿವೃತ್ತಿಯ ನಂತರ ಸರಕಾರದ ಯಾವ ಹುದ್ದೆಯನ್ನೂ ಹಿಡಿಯಬಾರದು ಎಂದು 148ನೇ ವಿಧಿ ಖಚಿತವಾಗಿ ಹೇಳಿದೆ. ಲೋಕಸೇವಾ ಆಯೋಗದವರಿಗೆ 319ನೇ ವಿಧಿಯ ಕಟ್ಟುಪಾಡಿದೆ. ನ್ಯಾಯಮೂರ್ತಿಗಳಿಗೂ ಅಂಥದೇ ನಿರ್ಬಂಧ ಬೇಕೆಂದು ಸಂವಿಧಾನ ಸಭೆಯಲ್ಲಿ ಕೆ. ಟಿ. ಷಾ ಕೇಳಿದ್ದರು. ಕೋರ್ಟಿಗೆ ಬರುವ ವ್ಯಾಜ್ಯಗಳಲ್ಲಿ ಸರಕಾರಕ್ಕೆ ಹಿತಾಸಕ್ತಿ ಇರುವುದೇ ತೀರ ಅಪರೂಪ ಎಂಬ ಕಾರಣ ಕೊಟ್ಟು ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಆಗಿನ ಕಾಲಕ್ಕೆ ಆ ಮಾತು ಸರಿಯಿದ್ದೀತು. ಈಗ ದೇಶದ ಅತಿ ದೊಡ್ಡ ಕಕ್ಷಿದಾರನೇ ಸರಕಾರ. 1958ರಲ್ಲಿ ಕಾನೂನು ಆಯೋಗವು ತನ್ನ 14ನೇ ವರದಿಯಲ್ಲಿ, ನಿವೃತ್ತ ನ್ಯಾಯಮೂರ್ತಿಗಳು ಸರಕಾರದ ಕೆಲಸ ಹಿಡಿಯಬಾರದು ಎಂದಿತು. ಅದೇ ವರ್ಷ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅಮೆರಿಕಕ್ಕೆ ರಾಯಭಾರಿಯಾಗಿ ಹೋದರು. 1963ರಲ್ಲಿ ಕೇಂದ್ರದ ಶಿಕ್ಷಣ ಸಚಿವರೂ ಆದರು. ವರದಿ ವರದಿಯಾಗಿಯೇ ಉಳಿಯಿತು.

ಪೀಠ ಬಿಡುವುದಕ್ಕೂ ಸರಕಾರದ ಹುದ್ದೆ ಹಿಡಿಯುವುದಕ್ಕೂ ನಡುವೆ ಶಾಸನದಿಂದಲೇ ಎರಡು ವರ್ಷದ ಅಂತರ ವಿಧಿಸಬೇಕು ಎಂಬುದು ನಮ್ಮ ಬಳಗದ ಅಭಿಪ್ರಾಯ. ಪೂರ್ತಿ ನಿಷೇಧ ಬೇಡ. ಯಾಕೆ ಬೇಡ ಎಂಬುದು ಮುಂದಿನ ಉತ್ತರದಲ್ಲಿದೆ.

ಎಡನೀರು ಮೊಕದ್ದಮೆಯ ನ್ಯಾಯಮೂರ್ತಿಗಳಲ್ಲಿ ಸಚಿವರಾದವರು ಯಾರು? ಕೆ. ಎಸ್. ಹೆಗ್ಡೆಯವರೇ?
ಓದುಗರು, ಬದಿಯಡ್ಕ ಮತ್ತು ಕುಂಬಳೆ

ಹೆಗ್ಡೆಯವರಲ್ಲ, ಎಚ್. ಆರ್. ಖನ್ನಾ. ಹೆಗ್ಡೆಯವರು ಲೋಕಸಭೆಯ ಸ್ಪೀಕರ್ ಆದರು. ಇವರಿಬ್ಬರ ಜೊತೆಗೆ, ಆ ದಿನಗಳಲ್ಲಿ ದಿಲ್ಲಿಯಲ್ಲಿ ಕಾನೂನು ಸಚಿವರಾಗಿದ್ದ ಎಚ್. ಆರ್. ಗೋಖಲೆ ಕೂಡ ಮಾಜಿ ನ್ಯಾಯಮೂರ್ತಿಯೇ. ಒಂದೇ ಮೊಕದ್ದಮೆಯ ಸುತ್ತ ಇಂಥ ಮೂವರು ಸಿಗುವುದರಿಂದ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಕೇರಳ ಭೂಸುಧಾರಣೆ ಕಾಯ್ದೆಯ ವಿರುದ್ಧ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮೀಜಿಯವರು 1970ರ ಮಾರ್ಚ್ 21ರಂದು ಸುಪ್ರೀಂ ಕೋರ್ಟಿಗೆ ರಿಟ್ ಹಾಕಿದರು. 13 ನ್ಯಾಯಮೂರ್ತಿಗಳ ಪೀಠ 1972ರ ಅಕ್ಟೋಬರ್ 31ರಿಂದ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು 7–6ರ ತೀರ್ಪು ಬಂತು. ಸಂಸತ್ತು ಸಂವಿಧಾನದ ಯಾವ ವಿಧಿಯನ್ನೂ ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು. ಉಳಿದ 12 ಮಂದಿ ಆರು–ಆರಾಗಿ ಒಡೆದಿದ್ದರು. ತಕ್ಕಡಿ ವಾಲಿದ್ದು ಖನ್ನಾ ಅವರ ತೀರ್ಪಿನಿಂದ. ಆಸ್ತಿಯ ಹಕ್ಕು ಮೂಲ ರಚನೆಯ ಭಾಗವಲ್ಲ ಎಂದವರೂ ಅವರೇ. ಹಾಗಾಗಿ ಸಂವಿಧಾನ ಉಳಿಯಿತು, ಭೂಮಿಯ ಕಾಯ್ದೆಯೂ ಉಳಿಯಿತು. ಮಠದ ಹೆಸರು ದೇಶದ ಎಲ್ಲ ಕಾನೂನು ತರಗತಿಗಳನ್ನು ಮುಟ್ಟಿತು.

ಇನ್ನು ಮೂವರ ದಾರಿ. ಕೌಡೂರು ಸದಾನಂದ ಹೆಗ್ಡೆ ಕಾರ್ಕಳದ ಕಡೆಯವರು, 1909ರಲ್ಲಿ ಹುಟ್ಟಿದವರು. 1947ರಿಂದ 1951ರವರೆಗೆ ದಕ್ಷಿಣ ಕನ್ನಡದ ಸರಕಾರಿ ವಕೀಲರು. ಆಗ ಕಾಸರಗೋಡೂ ಅದೇ ಜಿಲ್ಲೆಯ ತಾಲೂಕು ಎಂಬುದನ್ನು ನೆನಪಿಡಬೇಕು. 1952ರಲ್ಲಿ ರಾಜ್ಯಸಭೆಗೆ ಹೋದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1966ರಲ್ಲಿ ದಿಲ್ಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, 1967ರಲ್ಲಿ ಸುಪ್ರೀಂ ಕೋರ್ಟು. ಎಡನೀರು ತೀರ್ಪಿನ ಬೆನ್ನಿಗೇ ಶೆಲಾಟ್, ಹೆಗ್ಡೆ, ಗ್ರೋವರ್ ಮೂವರ ಜ್ಯೇಷ್ಠತೆಯನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ನಾಲ್ಕು ವರ್ಷದ ನಂತರ, 1977ರಲ್ಲಿ, ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದು ಅದೇ ಜುಲೈಯಲ್ಲಿ ಸ್ಪೀಕರ್ ಆದರು.

ಖನ್ನಾ ಕೆಳಗಿನ ಮೆಟ್ಟಿಲಿನಿಂದ ಬಂದವರು. ಅಮೃತಸರದಲ್ಲಿ ವಕೀಲಿ, 1952ರಲ್ಲಿ ಜಿಲ್ಲಾ ಮಟ್ಟದ ನ್ಯಾಯಾಧೀಶ, 1962ರಲ್ಲಿ ಪಂಜಾಬ್ ಹೈಕೋರ್ಟು, 1971ರಲ್ಲಿ ಸುಪ್ರೀಂ ಕೋರ್ಟು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾದವರು ಕೋರ್ಟಿನ ಬಾಗಿಲು ತಟ್ಟಬಹುದೇ ಎಂಬ ಪ್ರಶ್ನೆ ಬಂದಾಗ, 1976ರ ಏಪ್ರಿಲ್ 28ರಂದು ಐವರ ಪೀಠದಲ್ಲಿ ಒಬ್ಬರೇ ‘ತಟ್ಟಬಹುದು’ ಎಂದರು. 1977ರ ಜನವರಿಯಲ್ಲಿ ಅವರನ್ನು ಬದಿಗಿಟ್ಟು ಎಂ. ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಖನ್ನಾ ರಾಜೀನಾಮೆ ಕೊಟ್ಟರು. ಆಮೇಲೆ ಕಾನೂನು ಆಯೋಗದ ಅಧ್ಯಕ್ಷರಾಗಿದ್ದು, 1979ರಲ್ಲಿ ಚರಣ್ ಸಿಂಗ್ ಸಂಪುಟದಲ್ಲಿ ಕಾನೂನು ಸಚಿವರಾದರು. ಮೂರೇ ದಿನಕ್ಕೆ ಬಿಟ್ಟುಬಂದರು. 1982ರಲ್ಲಿ ವಿರೋಧ ಪಕ್ಷಗಳ ಪರವಾಗಿ ರಾಷ್ಟ್ರಪತಿ ಚುನಾವಣೆಗೆ ನಿಂತು ಜೈಲ್ ಸಿಂಗ್ ಎದುರು ಸೋತರು.

ಗೋಖಲೆಯವರದು ಬೇರೆಯೇ ಬಗೆ. 1962ರಿಂದ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ, 1966ರಲ್ಲಿ ರಾಜೀನಾಮೆ, ಮತ್ತೆ ವಕೀಲಿ, 1971ರಲ್ಲಿ ಲೋಕಸಭೆಗೆ ಗೆದ್ದು ಕಾನೂನು ಸಚಿವ. 1977ರವರೆಗೂ ಅದೇ ಖಾತೆ. 1973ರ ಜ್ಯೇಷ್ಠತೆಯ ಉಲ್ಲಂಘನೆ ಆದದ್ದೂ 1976ರಲ್ಲಿ 42ನೇ ತಿದ್ದುಪಡಿ ಬಂದದ್ದೂ ಇವರ ಅವಧಿಯಲ್ಲಿ. ಸಂವಿಧಾನ ತಿದ್ದುಪಡಿಯನ್ನು ಯಾವ ಕೋರ್ಟೂ ಪ್ರಶ್ನಿಸಬಾರದು ಎಂಬ ಉಪವಿಧಿ ಆ ತಿದ್ದುಪಡಿಯಲ್ಲಿತ್ತು. 1980ರ ಜುಲೈ 31ರಂದು ಮಿನರ್ವಾ ಮಿಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಅದಕ್ಕೆ ಆಧಾರವಾದದ್ದು ಎಡನೀರು ತೀರ್ಪು.

ಮೂವರೂ ಪೀಠ ಬಿಟ್ಟು ರಾಜಕೀಯಕ್ಕೆ ಬಂದವರೇ. ಮೂವರಲ್ಲಿ ಯಾರೂ ಪೀಠದಿಂದ ಎದ್ದ ಮರುದಿನ ಕುರ್ಚಿ ಹಿಡಿಯಲಿಲ್ಲ. ಹೆಗ್ಡೆಯವರಿಗೆ ನಾಲ್ಕು ವರ್ಷ, ಗೋಖಲೆಯವರಿಗೆ ಐದು ವರ್ಷ, ಖನ್ನಾ ಅವರಿಗೆ ಎರಡು ವರ್ಷಕ್ಕೂ ಮೇಲಿನ ಅಂತರ. ಹಾಗಿದ್ದೂ ನ್ಯಾಯಾಂಗಕ್ಕೆ ಅತಿ ಹೆಚ್ಚು ಪೆಟ್ಟು ಬಿದ್ದ ವರ್ಷಗಳಲ್ಲಿ ಖಾತೆ ಹಿಡಿದಿದ್ದವರು ಕೋರ್ಟಿನ ಒಳಹೊರಗು ಬಲ್ಲ ಮಾಜಿ ನ್ಯಾಯಮೂರ್ತಿ. ಅಂತರವೊಂದೇ ಮದ್ದಲ್ಲ ಎನ್ನುವುದಕ್ಕೆ ಗೋಖಲೆಯವರ ಉದಾಹರಣೆ ಸಾಕು. ಪೂರ್ತಿ ನಿಷೇಧ ತಪ್ಪು ಎನ್ನುವುದಕ್ಕೆ ಹೆಗ್ಡೆಯವರ ಉದಾಹರಣೆ ಸಾಕು.

ವಿ. ಆರ್. ಕೃಷ್ಣ ಅಯ್ಯರ್ ಮೊದಲು ನ್ಯಾಯಾಧೀಶರೋ, ಮೊದಲು ಸಚಿವರೋ? ನಮ್ಮ ಅಡಿಕೆ ತೋಟದ ಹಳೆಯ ವ್ಯಾಜ್ಯಕ್ಕೂ ಅವರ ಸರಕಾರಕ್ಕೂ ಸಂಬಂಧವಿದೆ ಎಂದು ಹಿರಿಯರು ಹೇಳುತ್ತಾರೆ. ನಿಜವೇ?
ಓದುಗರೊಬ್ಬರು, ಹೊಸದುರ್ಗ ತಾಲೂಕು, ಕಾಸರಗೋಡು ಜಿಲ್ಲೆ

ಮೊದಲು ಸಚಿವರು. ತಲಶ್ಶೇರಿಯ ವಕೀಲರಾಗಿದ್ದ ಅವರು 1952ರಲ್ಲಿ ಕೂತುಪರಂಬದಿಂದ ಮದ್ರಾಸ್ ವಿಧಾನಸಭೆಗೆ, 1957ರಲ್ಲಿ ತಲಶ್ಶೇರಿಯಿಂದ ಪಕ್ಷೇತರರಾಗಿ ಕೇರಳ ವಿಧಾನಸಭೆಗೆ ಗೆದ್ದರು. ಮುಖ್ಯಮಂತ್ರಿ ಇ. ಎಂ. ಎಸ್. ನಂಬೂದಿರಿಪಾಡರ ಸಂಪುಟದಲ್ಲಿ ಕಾನೂನು, ಕಾರಾಗೃಹ, ವಿದ್ಯುತ್, ನೀರಾವರಿ ಹೀಗೆ ಹಲವು ಖಾತೆ ಅವರ ಕೈಯಲ್ಲಿದ್ದವು. 1959ರ ಜುಲೈ 31ರಂದು ಆ ಸರಕಾರ ವಜಾ ಆಯಿತು. 1960ರಲ್ಲಿ ಏಳು ಮತಗಳಿಂದ ಸೋತರೆಂದು ಘೋಷಣೆಯಾಗಿ, ತಕರಾರು ಅರ್ಜಿ ಹಾಕಿ ಗೆದ್ದರು. 1968ರ ಜುಲೈಯಲ್ಲಿ ಕೇರಳ ಹೈಕೋರ್ಟು, 1973ರ ಜುಲೈಯಲ್ಲಿ ಸುಪ್ರೀಂ ಕೋರ್ಟು, 1980ರ ನವೆಂಬರದಲ್ಲಿ ನಿವೃತ್ತಿ. ಖನ್ನಾ ಹೋದ ದಾರಿಯನ್ನು ಇವರು ತಲೆಕೆಳಗಾಗಿ ನಡೆದರು ಅನ್ನಬಹುದು.

ನಿಮ್ಮ ಹಿರಿಯರ ಮಾತೂ ನಿಜ. ಆ ಸರಕಾರದ ಕಂದಾಯ ಸಚಿವೆ ಕೆ. ಆರ್. ಗೌರಿ ಮಂಡಿಸಿದ ಕೃಷಿ ಸಂಬಂಧ ಮಸೂದೆ 1961ರ ಜನವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಕಾಯ್ದೆಯಾಯಿತು. ಅದನ್ನು ಹೊಸದುರ್ಗ–ಕಾಸರಗೋಡು ತಾಲೂಕುಗಳ ಜಮೀನುದಾರರು ಪ್ರಶ್ನಿಸಿದರು. ಈ ಎರಡು ತಾಲೂಕು 1956ರವರೆಗೆ ದಕ್ಷಿಣ ಕನ್ನಡದವು, ಇಲ್ಲಿನ ಭೂಮಿ ರೈತವಾರಿ ಪಟ್ಟೆಯದು, ಅಂದರೆ ರೈತನೇ ನೇರವಾಗಿ ಸರಕಾರಕ್ಕೆ ಕಂದಾಯ ಕಟ್ಟುವಂಥದು. ಭೂಸುಧಾರಣೆಗೆ ರಕ್ಷಣೆ ಕೊಡುವ 31ಎ ವಿಧಿ ‘ಎಸ್ಟೇಟು’ಗಳಿಗೆ (ತೋಟವಲ್ಲ, ಜಮೀನ್ದಾರಿ ಬಗೆಯ ಹಿಡುವಳಿ) ಮಾತ್ರ ಅನ್ವಯ, ಇಲ್ಲಿನ ರೈತವಾರಿ ಭೂಮಿ ಎಸ್ಟೇಟು ಅಲ್ಲ ಎಂದು 1961ರ ಡಿಸೆಂಬರಿನಲ್ಲಿ ಕರಿಂಬಿಲ್ ಕುಂಞಿಕೋಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟು ಅಡಿಕೆ, ಕಾಳುಮೆಣಸಿನ ತೋಟಗಳಿಗೆ ಕೊಡದಿರುವುದು ಭೇದಭಾವ ಎಂದೂ ಹೇಳಿತು. ಹಾಗಾಗಿ ಈ ಎರಡು ತಾಲೂಕಿನ ರೈತವಾರಿ ಭೂಮಿಯ ಮಟ್ಟಿಗೆ ಆ ಕಾಯ್ದೆ ಬಿದ್ದುಹೋಯಿತು. 1964ರಲ್ಲಿ 17ನೇ ತಿದ್ದುಪಡಿ ತಂದು ‘ಎಸ್ಟೇಟು’ ಪದದ ಅರ್ಥಕ್ಕೆ ರೈತವಾರಿ ಭೂಮಿಯನ್ನೂ ಸೇರಿಸಲಾಯಿತು. ಆಮೇಲೆ, 1969ರಲ್ಲಿ ತಿದ್ದುಪಡಿಯಾದ 1963ರ ಭೂಸುಧಾರಣೆ ಕಾಯ್ದೆಯೇ ಎಡನೀರು ಮೊಕದ್ದಮೆಗೆ ಕಾರಣ. ಮನೆಯ ಹಳೆಯ ಕಡತದಲ್ಲಿ 1961–64ರ ನಡುವಿನ ಆದೇಶಗಳಿದ್ದರೆ ಬಿಸಾಡಬೇಡಿ; ಹಕ್ಕಿನ ಸರಪಳಿ ಜೋಡಿಸುವಾಗ ಆ ನಡುವಿನ ಕೊಂಡಿಯೇ ಹೆಚ್ಚಾಗಿ ಕಾಣೆಯಾಗಿರುತ್ತದೆ.

ನ್ಯಾಯಮೂರ್ತಿ ರಾಜೀನಾಮೆ ಕೊಡುವ ಕ್ರಮ ಹೇಗೆ? ಸಂಸತ್ತಿನ ಸದಸ್ಯರಲ್ಲದೆ ಸಚಿವರಾಗುವುದು ಹೇಗೆ?
ಓದುಗರೊಬ್ಬರು, ಉಪ್ಪಳ

ರಾಷ್ಟ್ರಪತಿಗಳನ್ನು ಉದ್ದೇಶಿಸಿ, ಸ್ವಂತ ಸಹಿ ಹಾಕಿ ಬರೆದ ಪತ್ರ ಸಾಕು. ಯಾರೂ ಅದನ್ನು ಅಂಗೀಕರಿಸಬೇಕಾಗಿಲ್ಲ. ಪತ್ರದಲ್ಲಿ ಮುಂದಿನ ತಾರೀಕು ಹಾಕಿದ್ದರೆ ಆ ದಿನ ಬರುವವರೆಗೆ ಹಿಂದೆಗೆದುಕೊಳ್ಳಲು ಅವಕಾಶವಿದೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು 1977ರ ಮೇ 7ರಂದು, ಆಗಸ್ಟ್ 1ರಿಂದ ಜಾರಿಗೆ ಬರುವಂತೆ ಬರೆದ ರಾಜೀನಾಮೆಯನ್ನು ಜುಲೈ 15ರಂದು ಹಿಂದೆಗೆದರು. ಅದು ಸಿಂಧು ಎಂದು ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಹೇಳಿತು.

ತೊಂದರೆ ಬರುವುದು ಕಕ್ಷಿದಾರರಿಗೆ. ವಾದ ಕೇಳಿ ತೀರ್ಪು ಕಾದಿರಿಸಿದ ನ್ಯಾಯಮೂರ್ತಿ, ತೀರ್ಪು ಓದುವ ಮೊದಲೇ ಹುದ್ದೆ ಬಿಟ್ಟರೆ ಆ ಮೊಕದ್ದಮೆಯನ್ನು ಇನ್ನೊಬ್ಬರು ಮೊದಲಿನಿಂದ ಕೇಳಬೇಕು. ವಕೀಲರ ಫೀಸು, ಓಡಾಟ, ವರ್ಷ ಎಲ್ಲ ಮತ್ತೆ. ಪೀಠ ಬಿಡುವವರು ಕಾದಿರಿಸಿದ ತೀರ್ಪುಗಳನ್ನೆಲ್ಲ ಮುಗಿಸಿ ಹೊರಡುವುದು ಕನಿಷ್ಠ ಮರ್ಯಾದೆ.

ಸಚಿವರಾಗಲು ಆ ದಿನಕ್ಕೆ ಸದಸ್ಯತ್ವ ಬೇಕಿಲ್ಲ. ಕೇಂದ್ರದಲ್ಲಿ 75ನೇ ವಿಧಿ, ರಾಜ್ಯದಲ್ಲಿ 164ನೇ ವಿಧಿಯಂತೆ ಆರು ತಿಂಗಳೊಳಗೆ ಸದನಕ್ಕೆ ಬರಬೇಕು. ಬಾರದಿದ್ದರೆ ಹುದ್ದೆ ಹೋಗುತ್ತದೆ. ಒಂದು ದಿನ ರಾಜೀನಾಮೆ ಕೊಟ್ಟು ಮರುದಿನ ಹೊಸದಾಗಿ ಪ್ರಮಾಣ ವಚನ ತೆಗೆದುಕೊಂಡು ಇನ್ನಾರು ತಿಂಗಳು ತಳ್ಳುವ ಉಪಾಯಕ್ಕೆ 2001ರಲ್ಲಿ ಸುಪ್ರೀಂ ಕೋರ್ಟು ಬಾಗಿಲು ಮುಚ್ಚಿದೆ.

ಕೊಲೀಜಿಯಂ ಇರುವಾಗ ನ್ಯಾಯಮೂರ್ತಿಗಳ ನೇಮಕದಲ್ಲಿ ಕಾನೂನು ಸಚಿವರಿಗೆ ಕೆಲಸವೇನು?
ಓದುಗರೊಬ್ಬರು, ಮಂಜೇಶ್ವರ

ಕೊಲೀಜಿಯಂ ಎಂದರೆ ನೇಮಕಕ್ಕೆ ಹೆಸರು ಸೂಚಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟ. ಆದರೂ ಕಡತ ಕಾನೂನು ಸಚಿವರ ಮೇಜಿನ ಮೇಲಿಂದ ಎರಡು ಬಾರಿ ಹಾದುಹೋಗುತ್ತದೆ. ಕೇರಳ ಹೈಕೋರ್ಟಿನ ಉದಾಹರಣೆ ನೋಡಿ. ಸ್ಥಾನ ಖಾಲಿಯಾಗುವುದಕ್ಕೆ ಆರು ತಿಂಗಳು ಮೊದಲೇ ಮುಖ್ಯ ನ್ಯಾಯಮೂರ್ತಿ, ತಮ್ಮ ನಂತರದ ಇಬ್ಬರು ಹಿರಿಯರ ಜೊತೆ ಸಮಾಲೋಚಿಸಿ ಹೆಸರು ಸೂಚಿಸಬೇಕು. ಮುಖ್ಯಮಂತ್ರಿಗಳ ಸಲಹೆಯೊಂದಿಗೆ ರಾಜ್ಯಪಾಲರು ಆರು ವಾರದೊಳಗೆ ಕಡತವನ್ನು ಕೇಂದ್ರ ಕಾನೂನು ಸಚಿವರಿಗೆ ಕಳಿಸಬೇಕು. ಸಚಿವಾಲಯ ಗುಪ್ತಚರ ವರದಿ ತರಿಸಿ, ಎಲ್ಲವನ್ನೂ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಪ್ಪಿಸುತ್ತದೆ. ಅವರು ಇಬ್ಬರು ಹಿರಿಯ ಸಹೋದ್ಯೋಗಿಗಳ ಜೊತೆ ಕೂತು ತೀರ್ಮಾನಿಸುತ್ತಾರೆ. ಆ ಶಿಫಾರಸು ಮತ್ತೆ ಕಾನೂನು ಸಚಿವರಿಗೆ, ಅಲ್ಲಿಂದ ಪ್ರಧಾನಿಗೆ, ಕೊನೆಗೆ ರಾಷ್ಟ್ರಪತಿಗಳ ಅಂಕಿತಕ್ಕೆ.

ಕೊಲೀಜಿಯಂ ಮರುದೃಢಪಡಿಸಿದ ಹೆಸರನ್ನು ಸರಕಾರ ಮೂರ್ನಾಲ್ಕು ವಾರದಲ್ಲಿ ನೇಮಿಸಬೇಕೆಂದು 2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೇಂದ್ರದ ಮೇಜಿನಲ್ಲಿ ಕಡತ ಸುಮ್ಮನೆ ಕೂರುವ ಸಮಸ್ಯೆಯೇ ಆ ಆದೇಶಕ್ಕೆ ಕಾರಣ. ‘ಬೇಡ’ ಎಂದು ಬರೆಯಲು ಕಾರಣ ಕೊಡಬೇಕು, ಸುಮ್ಮನಿರಲು ಕೊಡಬೇಕಾಗಿಲ್ಲ. ಮಾಜಿ ನ್ಯಾಯಮೂರ್ತಿ ಸಚಿವರಾದರೆ ಈ ಜಾಗದಲ್ಲಿ ಅವರ ಅನುಭವ ಉಪಕಾರಕ್ಕೂ ಬರಬಹುದು, ಅಪಾಯಕ್ಕೂ ಬರಬಹುದು. ಯಾವ ಹೆಸರಿನ ಹಿಂದೆ ಯಾರಿದ್ದಾರೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ವಿಷಯ ಹೆಚ್ಚು ಮಂದಿಗೆ ಗೊತ್ತಿಲ್ಲ. ಈ ನೇಮಕದ ಕೆಲಸ ನೋಡುವ ನ್ಯಾಯ ಇಲಾಖೆ 2009ರ ಕೊನೆಯವರೆಗೂ ಗೃಹ ಸಚಿವಾಲಯದ ಕೆಳಗಿತ್ತು. ಆಮೇಲಷ್ಟೇ ಕಾನೂನು ಸಚಿವಾಲಯಕ್ಕೆ ಬಂತು.

ಬೇರೆ ದೇಶಗಳಲ್ಲೂ ನ್ಯಾಯಾಧೀಶರು ಸಚಿವರಾದದ್ದಿದೆಯೇ?
ಓದುಗರೊಬ್ಬರು, ಪೈವಳಿಕೆ

ಒಂದೇ ಉದಾಹರಣೆ ಕೊಡುತ್ತೇವೆ. ಬ್ರೆಜಿಲ್‌ನ ನ್ಯಾಯಾಧೀಶ ಸೆರ್ಜಿಯೊ ಮೊರೊ 2017ರಲ್ಲಿ ಮಾಜಿ ಅಧ್ಯಕ್ಷ ಲೂಲಾ ಅವರಿಗೆ ಶಿಕ್ಷೆ ವಿಧಿಸಿದರು. ಶಿಕ್ಷೆಯಿಂದಾಗಿ ಲೂಲಾ 2018ರ ಚುನಾವಣೆಗೆ ನಿಲ್ಲಲಾಗಲಿಲ್ಲ. ಗೆದ್ದ ಬೊಲ್ಸೊನಾರೊ ಸರಕಾರದಲ್ಲಿ 2019ರ ಜನವರಿಯಲ್ಲಿ ಮೊರೊ ನ್ಯಾಯ ಸಚಿವರಾದರು. 2020ರ ಏಪ್ರಿಲಿನಲ್ಲಿ ಹೊರಬಂದರು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಆ ಮೊಕದ್ದಮೆಯಲ್ಲಿ ಮೊರೊ ಪಕ್ಷಪಾತಿಯಾಗಿದ್ದರು ಎಂದಿತು. ಅಂತರ ಬೇಕು ಎಂದು ನಾವು ಒತ್ತಿ ಹೇಳುವುದು ಇಂಥದ್ದಕ್ಕೆ. ತೀರ್ಪು ಸರಿಯೇ ಇದ್ದರೂ ಮರುದಿನದ ಕುರ್ಚಿ ಅದರ ಮೇಲೆ ಸಂಶಯ ಚೆಲ್ಲುತ್ತದೆ.

ಮಗಳು ಪ್ಲಸ್ ಟು ಓದುತ್ತಿದ್ದಾಳೆ, ಕನ್ನಡ ಮಾಧ್ಯಮ. ನ್ಯಾಯಾಧೀಶೆಯಾಗುವ ಆಸೆ. ದಾರಿ ತಿಳಿಸಿ.
ತಾಯಿಯೊಬ್ಬರು, ಪೆರ್ಲ

ಆಸೆ ಒಳ್ಳೆಯದು ಅಮ್ಮ. ಲೆಕ್ಕ ಹೀಗಿದೆ. ಪ್ಲಸ್ ಟು ನಂತರ ಐದು ವರ್ಷದ ಕಾನೂನು ಪದವಿ. ಮುಗಿಯುವಾಗ ಸುಮಾರು 23. ಮಂಗಳೂರಿನಲ್ಲಿ ಓದಿದರೂ ಕೇರಳದ ಬಾರ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬಹುದು. ಶಾಸನದಂತೆ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ–ವರ್ಗದವರಿಗೆ 125. ಇದಕ್ಕಿಂತ ಹೆಚ್ಚು ವಸೂಲು ಮಾಡಬಾರದೆಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು.

ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿ ಬೇಕೆಂದು 2025ರ ಮೇ 20ರ ತೀರ್ಪು ಹೇಳಿದೆ. ತಾತ್ಕಾಲಿಕ ನೋಂದಣಿಯ ದಿನದಿಂದ ಲೆಕ್ಕ. ಕನಿಷ್ಠ ಹತ್ತು ವರ್ಷ ಅನುಭವದ ವಕೀಲರಿಂದ ಸರ್ಟಿಫಿಕೇಟು, ಅದರ ಮೇಲೆ ಆ ಕೋರ್ಟಿನ ಮುಖ್ಯ ನ್ಯಾಯಾಧಿಕಾರಿಯ ದೃಢೀಕರಣ. ಆದ್ದರಿಂದ ಮೊದಲ ದಿನದಿಂದಲೇ ತಾನು ಹಾಜರಾದ ಮೊಕದ್ದಮೆಗಳ ನಂಬರು, ತಾರೀಕು ಒಂದು ಪುಸ್ತಕದಲ್ಲಿ ಬರೆದಿಡಲಿ. ಮೂರು ವರ್ಷದ ನಂತರ ನೆನಪಿನಿಂದ ಹೆಕ್ಕುವುದು ಆಗದ ಕೆಲಸ. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ಮಾತ್ರ ನಂಬಿ, ನಿಯಮ ಬದಲಾಗುತ್ತಿರುತ್ತದೆ.

ಗಡಿನಾಡಿನ ಮಕ್ಕಳು ಎಡವುವುದು ಭಾಷೆಯಲ್ಲಿ. ಕರ್ನಾಟಕದ ಪರೀಕ್ಷೆಯಲ್ಲಿ ಕನ್ನಡ–ಇಂಗ್ಲಿಷ್ ಅನುವಾದದ ಪತ್ರಿಕೆ ಇದೆ. ಅಲ್ಲಿ ನಿಮ್ಮ ಮಗಳ ಕನ್ನಡ ಬಲವಾಗುತ್ತದೆ. ಕೇರಳದಲ್ಲಿ ಕೆಳಗಿನ ಕೋರ್ಟಿನ ಸಾಕ್ಷಿ ವಿಚಾರಣೆ, ಪೊಲೀಸ್ ದಾಖಲೆ ಹೆಚ್ಚಾಗಿ ಮಲಯಾಳದಲ್ಲೇ. ಮಾತಾಡಲು ಬಂದರೆ ಸಾಲದು, ಕೈಬರಹದ ಮಹಜರು ತಡವರಿಸದೆ ಓದಲು ಬರಬೇಕು. ಈಗಿನಿಂದಲೇ ದಿನಕ್ಕೆ ಒಂದು ಪುಟ ಓದುವ ಅಭ್ಯಾಸವಿರಲಿ.

27ಕ್ಕೆ ಸೇರಿದವರು ಬಡ್ತಿಯಿಂದ ಹೈಕೋರ್ಟು ಮುಟ್ಟುವಾಗ ಐವತ್ತು ದಾಟಿರುತ್ತದೆ, ನಿವೃತ್ತಿ 62ಕ್ಕೆ. ಇನ್ನೊಂದು ದಾರಿ, ಏಳು ವರ್ಷದ ವಕೀಲಿಯ ನಂತರ ನೇರವಾಗಿ ಜಿಲ್ಲಾ ನ್ಯಾಯಾಧೀಶರ ಪರೀಕ್ಷೆ. 35ರ ಮೇಲೆ ಈ ಹುದ್ದೆ ಸಿಕ್ಕಿದರೆ ಮುಂದಿನ ಮೆಟ್ಟಿಲಿಗೆ ವರ್ಷ ಉಳಿಯುತ್ತದೆ. ಖನ್ನಾ ಜಿಲ್ಲಾ ಮಟ್ಟದ ನ್ಯಾಯಾಧೀಶರಾಗುವಾಗ 39, ಸುಪ್ರೀಂ ಕೋರ್ಟಿಗೆ ಹೋಗುವಾಗ 59.

ಸಂಬಳ ಎಷ್ಟು?
ಓದುಗರೊಬ್ಬರು, ಸೀತಾಂಗೋಳಿ

2016ರ ಜನವರಿಯಿಂದ ಹೈಕೋರ್ಟು ನ್ಯಾಯಮೂರ್ತಿಗೆ ತಿಂಗಳಿಗೆ 2.25 ಲಕ್ಷ, ಸುಪ್ರೀಂ ಕೋರ್ಟಿನವರಿಗೆ 2.5 ಲಕ್ಷ, ಭಾರತದ ಮುಖ್ಯ ನ್ಯಾಯಮೂರ್ತಿಗೆ 2.8 ಲಕ್ಷ ರೂಪಾಯಿ, ಭತ್ಯೆ ಬೇರೆ. ಪಿಂಚಣಿ ವರ್ಷಕ್ಕೆ ಹೈಕೋರ್ಟಿನವರಿಗೆ 13.5 ಲಕ್ಷ, ಸುಪ್ರೀಂ ಕೋರ್ಟಿನವರಿಗೆ 15 ಲಕ್ಷ.

ಇಂಥ ದೊಡ್ಡವರ ಕಥೆಯಿಂದ ನಮ್ಮಂಥವರಿಗೆ ಏನು ಸಿಕ್ಕಿತು? ಜಾಗದ ತಕರಾರಿಗೆ ವಕೀಲರಿಗೆ ಕೊಡಲು ನನ್ನಲ್ಲಿ ಹಣವಿಲ್ಲ.
ಮಹಿಳೆಯೊಬ್ಬರು, ಮುಳ್ಳೇರಿಯ

ನಿಮಗೆ ಸಿಕ್ಕಿದ್ದು ಉಚಿತ ವಕೀಲರ ಹಕ್ಕು. ಬಡವರಿಗೆ ಕಾನೂನು ನೆರವು ಹೇಗೆ ಮುಟ್ಟಿಸಬೇಕೆಂದು 1973ರಲ್ಲಿ ವರದಿ ಕೊಟ್ಟ ಕೇಂದ್ರದ ಸಮಿತಿಗೆ ಕೃಷ್ಣ ಅಯ್ಯರ್ ಅಧ್ಯಕ್ಷರು. ಆ ಹಕ್ಕನ್ನು 39ಎ ವಿಧಿಯಾಗಿ ಸಂವಿಧಾನಕ್ಕೆ ಸೇರಿಸಿದ್ದು, ಮೇಲೆ ನಾವು ಟೀಕಿಸಿದ ಗೋಖಲೆಯವರ ಕಾಲದ ಅದೇ 42ನೇ ತಿದ್ದುಪಡಿ. ಅದನ್ನೂ ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು.

ಅದರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ವರ್ಗದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಮುಂತಾದವರಿಗೆ ಆದಾಯದ ಮಿತಿ ಇಲ್ಲ. ಉಳಿದವರಿಗಷ್ಟೇ ಆದಾಯ ಪ್ರಮಾಣಪತ್ರ ಬೇಕು. ನೀವು ಮಹಿಳೆ, ಅಷ್ಟೇ ಸಾಕು. ಗ್ರಾಮ ಕಚೇರಿಗೆ ಆದಾಯದ ಕಾಗದಕ್ಕೆಂದು ಅಲೆದು ದಿನ ಕಳೆಯಬೇಡಿ. ವಿದ್ಯಾನಗರದ ಜಿಲ್ಲಾ ಕೋರ್ಟಿಗೆ ಹೋಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎಲ್ಲಿ ಎಂದು ಕೇಳಿ. ಗುರುತಿನ ಚೀಟಿ, ಜಾಗದ ಆಧಾರ ಪತ್ರ, ಭೂತೆರಿಗೆ ರಶೀದಿ, ಎದುರು ಪಕ್ಷದಿಂದ ನೋಟೀಸು ಬಂದಿದ್ದರೆ ಅದು, ಇಷ್ಟರ ಎರಡೆರಡು ಜೆರಾಕ್ಸ್ ಇರಲಿ. ಅಸಲು ಯಾರ ಕೈಗೂ ಕೊಟ್ಟು ಬರಬೇಡಿ, ತೋರಿಸಿ ವಾಪಸು ತನ್ನಿ. ಬರೆಯಲು ಕಷ್ಟವಾದರೆ ಬಾಯಲ್ಲಿ ಹೇಳಿದರೂ ಬರೆದುಕೊಳ್ಳಬೇಕೆಂಬ ನಿಯಮವಿದೆ. ಹೊರಡುವ ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ ಕೇಳಬಹುದು. ಸಮನ್ಸ್ ಬಂದಿದ್ದರೆ ಅದರಲ್ಲಿರುವ ತಾರೀಕಿಗೆ ಮೊದಲೇ ಹೋಗಿ; ತಾರೀಕು ದಾಟಿದರೆ ನಿಮ್ಮ ಗೈರುಹಾಜರಿಯಲ್ಲಿ ಆದೇಶವಾಗಿ, ಅದನ್ನು ಬಿಡಿಸಲು ಇನ್ನೊಂದು ಅರ್ಜಿ ಬೇಕಾಗುತ್ತದೆ.